ತಿಖೋನ್ ಸವೇಲಿಚ್ ತಿಂದ ಆರು ಜನರ ಬ್ರೆಡ್ಡು

ಮಾಸ್ಕೋದ ಹೊರವಲಯದಲ್ಲಿ, ರೈಲು ನಿಲ್ದಾಣದ ಹಿಂಬದಿಯ ಐದಂತಸ್ತಿನ ಮನೆಯ ಅಂಗಳದಲ್ಲಿ ಈ ಕಥೆಯನ್ನು ಇಂದಿಗೂ ಎರಡು ಬಗೆಯಾಗಿ ಹೇಳುತ್ತಾರೆ. ಡಾಮಿನೋ ಆಡುವ ಗಂಡಸರ ಪ್ರಕಾರ ಆ ಸೋವಿಯತ್ ಕಾಲದಲ್ಲಿ ತಿಖೋನ್ ಸವೇಲಿಚ್ ನಿಜವಾಗಿಯೂ ಬಾಹ್ಯಾಕಾಶಕ್ಕೆ ಹೋಗಿದ್ದ, ಸರ್ಕಾರ ಅದನ್ನು ಮುಚ್ಚಿಟ್ಟಿತು. ಬೆಂಚಿನ ಮೇಲೆ ಕೂತು ಸೂರ್ಯಕಾಂತಿ ಬೀಜ ಬಿಡಿಸುವ ಹೆಂಗಸರ ಪ್ರಕಾರ ಅವನು ಹೋದದ್ದು ಒಂದು ಮಂಚದವರೆಗೆ ಮಾತ್ರ. ಗಂಡಸರ ಕಥೆಯಲ್ಲಿ ನಕ್ಷತ್ರಗಳು ಹೆಚ್ಚು, ಹೆಂಗಸರ ಕಥೆಯಲ್ಲಿ ಊಟದ ವಿವರ ಹೆಚ್ಚು. ಊಟದ ವಿಷಯದಲ್ಲಿ ಸುಳ್ಳು ಹೇಳುವುದು ಆ ಅಂಗಳದಲ್ಲಿ ಅಪರಾಧವೆನಿಸಿದ್ದರಿಂದ ಇಲ್ಲಿ ಹೆಂಗಸರ ಕಥೆಯನ್ನೇ ಅನುಸರಿಸಲಾಗಿದೆ.

ತಿಖೋನ್ ಸವೇಲಿಚ್ ಬ್ರೆಡ್ ಕಾರ್ಖಾನೆಯ ವ್ಯಾನ್ ಚಾಲಕ. ಬೆಳಕು ಹರಿಯುವ ಮುನ್ನ ಬಿಸಿ ಬ್ರೆಡ್ಡನ್ನು ಅಂಗಡಿಗಳಿಗೆ ಮುಟ್ಟಿಸುವುದು ಅವನ ಕಸುಬು. ಉಳಿದ ಹೊತ್ತನ್ನು ಸೋಫಾದ ವಶಕ್ಕೆ ಒಪ್ಪಿಸುವುದು ಅವನ ಸ್ವಭಾವ. ಊಟ ಮುಗಿದ ಮೇಲೆ ಮೇಜಿನ ಮೇಲೆ ಉದುರಿದ ಬ್ರೆಡ್ಡಿನ ಪುಡಿಯನ್ನು ಒಂದು ಅಂಗೈಯ ಅಂಚಿನಿಂದ ಗುಡಿಸಿ, ಇನ್ನೊಂದು ಅಂಗೈಗೆ ಸುರಿದು, ತಲೆಯನ್ನು ಹಿಂದಕ್ಕೆತ್ತಿ ಬಾಯಿಗೆ ಹಾಕಿಕೊಳ್ಳುವುದು ಅವನ ರೂಢಿ. ಯುದ್ಧಕಾಲದಲ್ಲಿ ಲೆನಿನ್‌ಗ್ರಾದಿಗೆ ಶತ್ರು ಮುತ್ತಿಗೆ ಹಾಕಿ, ಊರಿಗೆ ಊರೇ ಹಸಿವಿನಿಂದ ಸಾಯುತ್ತಿದ್ದ ಚಳಿಗಾಲದಲ್ಲಿ ಅವನ ತಾಯಿ ಹಾಗೆ ಮಾಡುತ್ತಿದ್ದಳು. ಮಗನಿಗೆ ಅವಳು ಬಿಟ್ಟುಹೋದ ಆಸ್ತಿ ಅದೊಂದೇ.

ಹೆಂಡತಿ ಝೀನಾಗೆ ಈ ರೂಢಿಯ ಬಗ್ಗೆ ತಕರಾರಿರಲಿಲ್ಲ. ತಕರಾರಿದ್ದದ್ದು ಸೋಫಾದ ಬಗ್ಗೆ; ಗಂಡನನ್ನು ತೀಶಾ ಎಂಬ ಮುದ್ದಿನ ಹೆಸರಿನಿಂದ ಕರೆದೇ ಬೈಯುತ್ತಿದ್ದಳು.

"ತೀಶಾ, ನೀನು ಕೆಲಸಕ್ಕೆ ಹೋಗಿದ್ದಾಗ್ಲೂ ಸೋಫಾದಲ್ಲಿ ನಿನ್ನ ಗುಂಡಿ ಹಾಗೇ ಇರುತ್ತೆ ಕಣೋ. ಮೊನ್ನೆ ಕಾಪಾ ಅತ್ತೆ ಬಂದೋರು ಆ ಗುಂಡೀಗೇ ನಮಸ್ಕಾರ ಹೇಳಿ ಹೋದ್ರು."

ಎಲ್ಲರೂ ಅತ್ತೆಯೆಂದೇ ಕರೆಯುವ ಕಾಪಾ ಆ ಕಟ್ಟಡದ ನಿವಾಸಿಗಳ ಸಮಿತಿಯ ಅಧ್ಯಕ್ಷೆ. ಅವಳಿಗೆ ತಿಳಿಯದೆ ಆ ಅಂಗಳದಲ್ಲಿ ಬೆಕ್ಕು ಕೂಡ ಮರಿ ಹಾಕುತ್ತಿರಲಿಲ್ಲ.

ಹೀಗಿರುವಾಗ ಬಡಾವಣೆಯ ಚಿಕಿತ್ಸಾಲಯಕ್ಕೆ ಒಂದು ಸಂಶೋಧನಾಲಯದಿಂದ ಕೋರಿಕೆ ಬಂತು. ಆಕಾಶಕ್ಕೆ ಹೋದವರ ಕಾಲಿನ ಮಾಂಸಖಂಡ ಸೊರಗುತ್ತದೆ, ಮೈಯ ಕಸುವು ಇಳಿಯುತ್ತದೆ; ಅವರಿಗೆ ಎಂಥ ಊಟ ಕಟ್ಟಿಕೊಟ್ಟರೆ ಮೈ ಉಳಿದೀತೆಂದು ನೆಲದ ಮೇಲೆಯೇ ಪರೀಕ್ಷಿಸಬೇಕಾಗಿದೆ. ಅದಕ್ಕಾಗಿ ತಲೆಯ ಕಡೆ ಸ್ವಲ್ಪ ತಗ್ಗಾದ ಮಂಚದ ಮೇಲೆ, ಒಮ್ಮೆಯೂ ಏಳದೆ, ಚಳಿಗಾಲ ಪೂರ್ತಿ ಮಲಗಿರಬಲ್ಲ ಗಂಡಸರು ಬೇಕಾಗಿದ್ದಾರೆ. ಬೆನ್ನುನೋವಿಗೆಂದು ಬಂದಿದ್ದ ತಿಖೋನನನ್ನು ವೈದ್ಯ ಮೇಲಿಂದ ಕೆಳಗೆ ನೋಡಿ, "ಮಲಗೋದಕ್ಕೆ ಅಭ್ಯಾಸ ಇದ್ಯಾ?" ಎಂದು ಕೇಳಿದ.

"ಅದೊಂದು ಚೆನ್ನಾಗಿ ಬರುತ್ತೆ," ಎಂದ ತಿಖೋನ್.

ಹೊರಗೆ ಬಾಯಿಬಿಡಬಾರದೆಂಬ ಕಾಗದಕ್ಕೆ ಸಹಿ ಹಾಕಿ ಅವನು ಮನೆಗೆ ಬಂದ. ಬಂದವನು ಸುಮ್ಮನಿದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಝೀನಾ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಒಂದು ಕೆಲಸದ ಮೇಲೆ ಹೋಗ್ತಿದೀನಿ," ಎಂದ ತಿಖೋನ್, ಕಿಟಕಿಯಾಚೆಯ ಮೋಡಗಳ ಕಡೆ ಕಣ್ಣು ಹಾಯಿಸಿ. "ಬಾಹ್ಯಾಕಾಶದ್ದು. ಇದಕ್ಕಿಂತ ಜಾಸ್ತಿ ಕೇಳ್ಬೇಡ."

ಝೀನಾ ಕೇಳಲಿಲ್ಲ. ಕೆಳಗಿಳಿದು ಕಾಪಾ ಅತ್ತೆಗೆ ಮಾತ್ರ ಹೇಳಿದಳು, ಅದೂ ಪಿಸುಮಾತಿನಲ್ಲಿ. ಸಂಜೆಯ ಹೊತ್ತಿಗೆ ಡಾಮಿನೋ ಆಡುವವರು ಎದ್ದು ನಿಂತು ತಿಖೋನನಿಗೆ ಜಾಗ ಬಿಟ್ಟರು.

ಸಂಶೋಧನಾಲಯದ ವಾರ್ಡಿನಲ್ಲಿ ಆರು ಮಂಚಗಳಿದ್ದವು. ಕಿಟಕಿಯ ಪಕ್ಕದ ಕೊನೆಯ ಮಂಚ ತಿಖೋನನದು. ಉಳಿದ ಐವರೂ ಅವನಿಗಿಂತ ಬಹಳ ಚಿಕ್ಕವರು. ಪಕ್ಕದ ಮಂಚದಲ್ಲಿ ಗ್ಲೇಬ್ ಎಂಬ ಕುಸ್ತಿಪಟು. ಊಟದ ಉಸ್ತುವಾರಿ ರೋಝಾ ಮಾರ್ಕೊವ್ನಾ ಎಂಬ ವಿಜ್ಞಾನಿಯದು. ಕೃಶವಾದ, ಮಾತು ಕಡಿಮೆಯ ಹೆಂಗಸು. ಆಕಾಶದಲ್ಲಿಯೂ ಮನುಷ್ಯನಿಗೆ ನಿಜವಾದ ಬ್ರೆಡ್ಡು ಸಿಗಬೇಕೆಂಬುದು ಅವಳ ಹಟ. ಪುಡಿ ಉದುರಿ ಯಂತ್ರಗಳಿಗೆ ಸೇರದಿರಲೆಂದು ಒಂದೇ ತುತ್ತಿನ ಪುಟ್ಟ ಪುಟ್ಟ ಕಪ್ಪು ಬ್ರೆಡ್ಡುಗಳನ್ನು ಅವಳೇ ಬೇಯಿಸಿ, ಕಾಗದದಲ್ಲಿ ಸುತ್ತಿಸಿದ್ದಳು. ಕಣ್ಣಿಗೆ ಬೊಂಬೆಮನೆಯ ಅಡುಗೆಯಂತೆ ಕಾಣುತ್ತಿತ್ತು, ಆದರೆ ವಾಸನೆ ಮಾತ್ರ ಪೂರ್ತಿ ಬ್ರೆಡ್ಡಿನದೇ.

ಮೊದಲ ದಿನವೇ ಸೋಫಾವೀರನ ಧೈರ್ಯ ಉಡುಗಿತು. ತಲೆ ತಗ್ಗಿನಲ್ಲಿದ್ದುದರಿಂದ ಮುಖ ಬೀಟ್‌ರೂಟಿನಂತೆ ಊದಿ, ಮೂಗು ಕಟ್ಟಿ, ತಾನು ಮೆಲ್ಲಮೆಲ್ಲಗೆ ತಲೆಯ ಕಡೆಯಿಂದ ಜಾರಿ ನೆಲಕ್ಕೆ ಬೀಳುತ್ತಿದ್ದೇನೆಂದು ಅವನಿಗೆ ಖಚಿತವಾಯಿತು. ಮಂಚದ ಸರಳುಗಳನ್ನು ಎರಡೂ ಕೈಯಲ್ಲಿ ಹಿಡಿದು ನರಳಿದ.

"ಜಾರಲ್ಲ, ತಿಖೋನ್ ಸವೇಲಿಚ್. ಇಷ್ಟು ಇಳಿಜಾರಿಗೆ ಯಾರೂ ಜಾರಲ್ಲ," ಎಂದಳು ರೋಝಾ ಮಾರ್ಕೊವ್ನಾ.

"ವಿಜ್ಞಾನಕ್ಕೆ ಗೊತ್ತಿರಬಹುದಮ್ಮಾ, ನನ್ನ ಮೈಗೆ ಗೊತ್ತಾಗ್ತಿಲ್ಲ."

ರೋಝಾ ಮಾರ್ಕೊವ್ನಾ ತನ್ನ ಕೋಣೆಯಿಂದ ಒಂದು ಮರದ ಕುರ್ಚಿಯನ್ನು ತಂದು, ಅವನ ತಲೆಯ ಹಿಂದೆ ಒತ್ತಾಗಿ ಇಟ್ಟಳು. "ಜಾರಿದ್ರೆ ಇದು ತಡೆಯುತ್ತೆ. ಈಗ ಮಲಗಿ."

ಆ ಕುರ್ಚಿಯಿಂದ ವಿಜ್ಞಾನಕ್ಕೆ ಯಾವ ಪ್ರಯೋಜನವೂ ಇರಲಿಲ್ಲ. ತಿಖೋನ್ ಮಾತ್ರ ಸರಳುಗಳನ್ನು ಬಿಟ್ಟು ಮಗುವಿನಂತೆ ನಿದ್ದೆ ಹೋದ. ಆ ಚಳಿಗಾಲವೆಲ್ಲ ಆಕೆ ನಿಂತುಕೊಂಡೇ ಬರೆದಳು, ಏಕೆಂದರೆ ಅವಳ ಕೋಣೆಯಲ್ಲಿದ್ದದ್ದು ಅದೊಂದೇ ಕುರ್ಚಿ. ಇದನ್ನು ದಾದಿ ದೂಸ್ಯಾ ಹೇಳಿದಾಗ ತಿಖೋನನಿಗೆ ಉಪಕಾರದ ಭಾರ ತಡೆಯಲಾಗಲಿಲ್ಲ. ತೀರಿಸುವ ದಾರಿಯೂ ತೋಚಲಿಲ್ಲ. ಮಲಗಿದವನು ಏನು ತಾನೇ ಮಾಡಿಯಾನು? ತಿನ್ನಬಹುದು, ಅಷ್ಟೆ.

ವಾರ್ಡಿನ ನಿಯಮ ಕಟುವಾಗಿತ್ತು. ತಟ್ಟೆಯಲ್ಲಿ ಏನೂ ಉಳಿಯಬಾರದು. ಉಳಿದರೆ ದೂಸ್ಯಾ ಅದನ್ನು ತಕ್ಕಡಿಗೆ ಹಾಕಿ ತೂಗಿ, ಬರೆದುಕೊಂಡು, ಬಳಿಕ ಬಾಗಿಲ ಬಳಿಯ ಬಕೆಟ್ಟಿಗೆ ಸುರಿಯುತ್ತಿದ್ದಳು. ಹುಡುಗರಿಗೆ ಮೂಗು ಕಟ್ಟಿ ರುಚಿಯೇ ತಿಳಿಯುತ್ತಿರಲಿಲ್ಲ. ಗಂಜಿ, ಮಾಂಸಗಳನ್ನು ಹೇಗೋ ನುಂಗುತ್ತಿದ್ದರು; ಬ್ರೆಡ್ಡು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಗ್ಲೇಬನ ತಟ್ಟೆಯ ಬ್ರೆಡ್ಡು ಮೊದಲ ಬಾರಿ ಬಕೆಟ್ಟಿಗೆ ಬಿದ್ದಾಗ ತಿಖೋನ್ ತನ್ನನ್ನೇ ಯಾರೋ ಹೊಡೆದಂತೆ ಕೂಗಿದ.

"ಏಯ್! ಏನಮ್ಮಾ ಮಾಡ್ತಿದೀಯಾ? ಅದು ಬ್ರೆಡ್ಡು!"

"ನನಗೂ ಕಣ್ಣಿದೆ," ಎಂದಳು ದೂಸ್ಯಾ, ಬೇರೆಡೆ ನೋಡುತ್ತ. "ನಿಯಮ. ಪರೀಕ್ಷೆಯ ಊಟ ಹೊರಗೆ ಹೋಗೋ ಹಾಗಿಲ್ಲ."

ಮರುದಿನ ಅವಳು ಬೆನ್ನು ತಿರುಗಿಸಿದೊಡನೆ ತಿಖೋನ್ ಪಿಸುಗುಟ್ಟಿದ. "ಗ್ಲೇಬಣ್ಣಾ, ಬೇಡದ್ದು ಈ ಕಡೆ ತಳ್ಳು. ಕಾಗದ ಮಾತ್ರ ನೀನೇ ಇಟ್ಕೋ."

"ಮಾವಾ, ನೀವು ದೇವರು!"

"ದೇವರೂ ಅಲ್ಲ, ಗೀವರೂ ಅಲ್ಲ. ಬಾಯಿ ಮುಚ್ಕೊಂಡು ಕಳಿಸು."

ಅಂದಿನಿಂದ ಬಾಗಿಲ ಬದಿಯ ಮಂಚದಿಂದ ಹೊರಟ ಬ್ರೆಡ್ಡು ಕೈಯಿಂದ ಕೈಗೆ ಸಾಗಿ, ಪ್ರತಿ ಮಂಚದಲ್ಲೂ ಬಳಗ ಹೆಚ್ಚಿಸಿಕೊಂಡು, ಕಿಟಕಿಯ ಬದಿಗೆ ಬಂದು ಸೇರತೊಡಗಿತು. ಬಕೆಟ್ಟು ಖಾಲಿಯಾಯಿತು. ತಟ್ಟೆಗಳು ಕನ್ನಡಿಯಂತಾದವು. ದೂಸ್ಯಾ "ನನ್ನ ಬಂಗಾರದ ಮಕ್ಕಳು!" ಎಂದು ಪ್ರತಿಯೊಬ್ಬನ ದಿಂಬನ್ನೂ ತಟ್ಟಿ ಸರಿಪಡಿಸಿದಳು. ಹುಡುಗರು ತಿಖೋನನಿಗೆ ಕೃತಜ್ಞರು, ದೂಸ್ಯಾ ಹುಡುಗರಿಗೆ ಕೃತಜ್ಞಳು, ರೋಝಾ ಮಾರ್ಕೊವ್ನಾ ಎಲ್ಲರಿಗೂ ಕೃತಜ್ಞಳು. ತಿಖೋನನಂತೂ ಪ್ರತಿ ತುತ್ತಿಗೂ ಅವಳ ಕುರ್ಚಿಯನ್ನು ನೆನೆದು, ಕೊನೆಗೆ ಕೈಯಿಂದ ಕೈಗೆ ಬರುವಾಗ ಸವೆದು ಹೊದಿಕೆಯ ಮೇಲೆ ಉದುರಿದ ಪುಡಿಯನ್ನು ಅಂಗೈಗೆ ಗುಡಿಸಿಕೊಳ್ಳುತ್ತಿದ್ದ. ಇಷ್ಟೊಂದು ಕೃತಜ್ಞತೆ ಒಂದೇ ವಾರ್ಡಿನಲ್ಲಿ ಶೇಖರವಾದಾಗ ಅನಾಹುತ ದೂರವಿರುವುದಿಲ್ಲ.

ಅಳತೆಯ ದಿನ ಅನಾಹುತ ಬಂತು. ಐವರು ಹುಡುಗರೂ ರೋಝಾ ಮಾರ್ಕೊವ್ನಾಳ ಲೆಕ್ಕವನ್ನು ಮೀರಿ ಸೊರಗಿದ್ದರು. ಆರನೆಯವನ ಕಾಲು ಕೊಕ್ಕರೆಯದು, ಹೊಟ್ಟೆ ಮಾತ್ರ ಪಾದ್ರಿಯದು. ಆರೂ ಮಂದಿಗೆ ಒಂದೇ ಊಟ! ಆಕೆ ತಕ್ಕಡಿಯನ್ನು ಬದಲಿಸಿದಳು, ಲೆಕ್ಕವನ್ನು ಹೊಸದಾಗಿ ಹಾಕಿದಳು. ಹೊಟ್ಟೆ ಒಪ್ಪಲಿಲ್ಲ.

ಪ್ರೊಫೆಸರ್ ವೆಲ್ಯಾಮಿನೊವ್ ಎಂಬ ಹಿರಿಯರು ಆ ಸಂಶೋಧನಾಲಯದಲ್ಲಿದ್ದರು. ಆಕಾಶಯಾತ್ರಿಗೆ ಬ್ರೆಡ್ಡೇ ಬೇಡ, ಕೊಳವೆಯಿಂದ ಬಾಯಿಗೆ ಹಿಂಡಿಕೊಳ್ಳುವ ತಮ್ಮ ಬೂದುಬಣ್ಣದ ಲೇಹ್ಯವೊಂದೇ ಸಾಕೆಂಬುದು ಅವರ ಮತ. ಬಕೆಟ್ಟಿನ ನಿಯಮವನ್ನು ಬರೆದವರೂ ಅವರೇ. ತಿಖೋನನ ಹೊಟ್ಟೆಯನ್ನು ಬೆರಳಿನಿಂದ ತಟ್ಟಿ, ಅದರ ನಾದವನ್ನು ಆಲಿಸಿ, ಅವರು ಪ್ರಸನ್ನರಾದರು.

"ವಲಸೆ!" ಎಂದರು. "ತೂಕವಿಲ್ಲದ ಸ್ಥಿತಿಯಲ್ಲಿ ಕಪ್ಪು ಬ್ರೆಡ್ಡು ಕಾಲಿನ ಮಾಂಸವನ್ನು ಕರಗಿಸಿ ಹೊಟ್ಟೆಗೆ ಸಾಗಿಸುತ್ತದೆ. ರೋಝಾ ಮಾರ್ಕೊವ್ನಾ, ನಿಮ್ಮ ಬ್ರೆಡ್ಡು ಅಪಾಯಕಾರಿ."

ಸಿದ್ಧಾಂತಕ್ಕೆ ಒಂದೇ ಆಧಾರ ಬೇಕಾಗಿತ್ತು: ಈ ಮನುಷ್ಯ ಮೊದಲಿನಿಂದಲೂ ಹೊಟ್ಟೆಬಾಕನೋ ಅಲ್ಲವೋ ಎಂಬುದು. ವೆಲ್ಯಾಮಿನೊವ್ ತಮ್ಮ ಇಬ್ಬರು ಸಹಾಯಕರನ್ನು ತಿಖೋನನ ಮನೆಯ ಅಂಗಳಕ್ಕೆ ಅಟ್ಟಿದರು.

ಕರಿ ಕೋಟು ತೊಟ್ಟ ಇಬ್ಬರು ಕಾರಿನಿಂದ ಇಳಿದು, "ತಿಖೋನ್ ಸವೇಲಿಚ್ ಎಂಥ ಮನುಷ್ಯ?" ಎಂದು ಕೇಳಿದಾಗ ಅಂಗಳಕ್ಕೆ ಎಲ್ಲವೂ ಅರ್ಥವಾಗಿಹೋಯಿತು. ಆಕಾಶಕ್ಕೆ ಹಾರಿಸುವ ಮುನ್ನ ಕೊನೆಯ ವಿಚಾರಣೆ! ನೆರೆಯವನ ಮಾನ ಕಾಯಲು ಕಾಪಾ ಅತ್ತೆ ಸೆರಗಿನಂತೆ ಶಾಲನ್ನು ಎಳೆದುಕೊಂಡು ಮುಂದೆ ಬಂದಳು.

"ತಿಖೋನಾ? ಬೆಳಗೆದ್ದರೆ ತಣ್ಣೀರು ಸ್ನಾನ! ಮಂಜುಗಡ್ಡೆ ಒಡೆದು! ಮಾಡೋದು ಅವನು, ನಡುಗೋದು ನಾವು."

"ಓಡ್ತಾನೆ," ಎಂದ ಡಾಮಿನೋದವನೊಬ್ಬ. "ವ್ಯಾನಿಗಿಂತ ಮುಂದೆ ಓಡ್ತಾನೆ."

"ವ್ಯಾನನ್ನು ಯಾರು ಓಡಿಸುತ್ತಾರೆ?" ಎಂದು ಸಹಾಯಕ ಕೇಳಿದ.

"ಅದು ರಹಸ್ಯ," ಎಂದಳು ಕಾಪಾ ಅತ್ತೆ.

"ಊಟ ಹೇಗೆ?"

ಈ ಪ್ರಶ್ನೆಗೆ ಝೀನಾ ಎದೆಯ ಮೇಲೆ ಕೈಯಿಟ್ಟಳು. "ಗುಬ್ಬಚ್ಚಿ! ತಟ್ಟೆಗೆ ಇನ್ನೊಂದು ಚೂರು ಬ್ರೆಡ್ಡು ಹಾಕಿದ್ರೆ ಕಣ್ಣಲ್ಲಿ ನೀರು ಹಾಕ್ತಾರೆ. 'ಝೀನಾ, ನನ್ನ ಮೈ ದೇಶದ್ದು, ಇದನ್ನ ಕೆಡಿಸಬೇಡ' ಅಂತಾರೆ."

ಸೋಫಾದ ಗುಂಡಿಯ ಮೇಲೆ ಅವಳು ಆಗಲೇ ಮೂರು ದಿಂಬುಗಳನ್ನು ಪೇರಿಸಿ ಮುಚ್ಚಿದ್ದಳು.

ವೆಲ್ಯಾಮಿನೊವ್ ವರದಿ ಓದಿ ಕೈ ಉಜ್ಜಿಕೊಂಡರು. ಗುಬ್ಬಚ್ಚಿಯಂತೆ ತಿನ್ನುವ, ಮಂಜುಗಡ್ಡೆ ಒಡೆದು ಮೀಯುವ ಓಟಗಾರನಿಗೇ ಈ ಹೊಟ್ಟೆ ಬಂದಿದೆಯೆಂದರೆ ಬ್ರೆಡ್ಡಿನ ಅಪರಾಧ ಸಾಬೀತಾದಂತೆಯೇ. ತೀರ್ಪು ಕೊಡಲು ಆಯೋಗವನ್ನು ಕರೆಸಲಾಯಿತು.

ಆಯೋಗ ಬರುವ ದಿನ ಬೆಳಿಗ್ಗೆ ದೂಸ್ಯಾ ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದಳು.

"ತಿನ್ರಪ್ಪಾ, ಇದೇ ಕೊನೇ ಸಲ. ರೋಝಾ ಮಾರ್ಕೊವ್ನಾನ ತೆಗೀತಾರಂತೆ. ಒಲೆಯನ್ನೂ ಕಿತ್ತುಹಾಕ್ತಾರಂತೆ. ಇನ್ಮೇಲೆ ಮೇಲಕ್ಕೆ ಹೋಗೋರಿಗೆ ಬ್ರೆಡ್ಡೇ ಇಲ್ಲ."

"ಇಲ್ಲ ಅಂದ್ರೆ?" ತಿಖೋನ್ ಕತ್ತು ತಿರುಗಿಸಿದ. "ಅಷ್ಟು ದೂರ ಹೋಗೋರಿಗೆ ಬ್ರೆಡ್ಡಿಲ್ವಾ?"

"ನಿಮ್ಮ ಹೊಟ್ಟೆ ದೆಸೆಯಿಂದ ಕಣಪ್ಪಾ. ಯಾಕೆ ಬೆಳೆಸಿದ್ರಿ ಅದನ್ನ?"

ಅಂದು ಬಾಗಿಲ ಬದಿಯಿಂದ ಹೊರಟ ಬ್ರೆಡ್ಡು ಕಿಟಕಿಯವರೆಗೆ ಬಂದು, ಮೊದಲ ಬಾರಿಗೆ ಅಲ್ಲಿಂದ ಹಿಂದಕ್ಕೆ ಹೊರಟಿತು. "ಮಾವಾ, ಹುಷಾರಿಲ್ವಾ?" ಎಂದು ಗ್ಲೇಬ್ ಗಾಬರಿಯಾದ. ತಿಖೋನ್ ತಲೆಯ ಹಿಂದಕ್ಕೆ ಕೈಚಾಚಿ ಕುರ್ಚಿ ಇದೆಯೇ ಎಂದು ಮುಟ್ಟಿನೋಡಿದ.

ಆಯೋಗದ ಮುಖ್ಯಸ್ಥ ಒಬ್ಬ ಮುದಿ ಜನರಲ್. ಅವರ ಹಿಂದೆ ಬಿಳಿ ಕೋಟುಗಳ ದಂಡು. ರೋಝಾ ಮಾರ್ಕೊವ್ನಾ ಗೋಡೆಗೆ ಒರಗಿ ನಿಂತಿದ್ದಳು, ಎಂದಿನಂತೆ ಕುರ್ಚಿಯಿಲ್ಲದೆ. ವೆಲ್ಯಾಮಿನೊವ್ ಕೋಲಿನಿಂದ ತಿಖೋನನ ಹೊಟ್ಟೆಯ ಎಲ್ಲೆಗಳನ್ನು ತೋರಿಸುತ್ತ ವಲಸೆಯ ಮಾರ್ಗವನ್ನು ವಿವರಿಸಲಾರಂಭಿಸಿದರು. ಕೋಲು ಮೊಣಕಾಲಿನವರೆಗೆ ಬಂದಿತ್ತು.

"ವಲಸೆ ಇಲ್ಲ, ಏನೂ ಇಲ್ಲ," ಎಂದಿತು ಹೊಟ್ಟೆಯ ಆಚೆಯಿಂದ ಒಂದು ಧ್ವನಿ. "ನಾನು ತಿಂದೆ."

"ಏನನ್ನು ತಿಂದಿರಿ?" ಎಂದರು ಜನರಲ್.

"ಎಲ್ಲಾರ ಬ್ರೆಡ್ಡು. ಆರೂ ಜನದ್ದು. ರೋಝಾ ಮಾರ್ಕೊವ್ನಾ ಅವರ ಲೆಕ್ಕ ಸರಿಯಾಗೇ ಇದೆ, ಕಾಮ್ರೇಡ್ ಜನರಲ್. ತಪ್ಪಿರೋದು ನನ್ನ ಬಾಯಲ್ಲಿ."

ವೆಲ್ಯಾಮಿನೊವ್ ನಕ್ಕರು. "ಕೇಳಿದಿರಾ? ದಾಕ್ಷಿಣ್ಯಕ್ಕೆ ಸುಳ್ಳು ಹೇಳುತ್ತಿದ್ದಾನೆ. ತಲೆಕೆಳಗಾಗಿ ಮಲಗಿದವನು ಆರು ಪಾಲು ತಿನ್ನುವುದು ಶರೀರಶಾಸ್ತ್ರದ ಪ್ರಕಾರ ಅಸಾಧ್ಯ. ಈತನ ಹೆಂಡತಿಯೇ ಹೇಳಿದ್ದಾಳೆ, ಗುಬ್ಬಚ್ಚಿ!"

"ಗುಬ್ಬಚ್ಚಿನಾ?" ತಿಖೋನನಿಗೆ ನಿಜಕ್ಕೂ ಆಶ್ಚರ್ಯವಾಯಿತು. "ನಮ್ಮ ಝೀನಾ ಹಾಗಂದ್ಳಾ? ಎಷ್ಟು ಒಳ್ಳೇ ಹೆಂಗಸು ನೋಡಿ."

ಜನರಲ್ ದೂಸ್ಯಾಳ ಕಡೆ ತಿರುಗಿದರು. "ಆರು ಪಾಲು ತನ್ನಿ."

ಆಮೇಲೆ ನಡೆದದ್ದನ್ನು ಹೇಳುವಾಗ ಅಂಗಳದ ಹೆಂಗಸರು ಬೀಜ ಬಿಡಿಸುವುದನ್ನೂ ನಿಲ್ಲಿಸುತ್ತಾರೆ. ಆಯೋಗ ಕೈಕಟ್ಟಿ ನಿಂತು ನೋಡಿತು. ತಿಖೋನ್ ಸವೇಲಿಚ್ ಮಲಗಿದ್ದಲ್ಲಿಯೇ ಒಂದೊಂದಾಗಿ ಕಾಗದ ಬಿಚ್ಚಿ, ಅವಸರವಿಲ್ಲದೆ, ಚೆನ್ನಾಗಿ ಅಗಿದು ತಿನ್ನತೊಡಗಿದ. ತನ್ನ ಪಾಲು ಮುಗಿಯಿತು. ಗ್ಲೇಬನದು ಮುಗಿಯಿತು. ಅಲ್ಲಿಂದಾಚೆ ಬಿಳಿ ಕೋಟಿನವರೊಬ್ಬರು ತಮ್ಮ ಕಾಲರನ್ನು ಸಡಿಲಿಸಿಕೊಂಡರು. ಇನ್ನೊಬ್ಬರು ಪ್ರತಿ ತುತ್ತಿಗೂ ತಾವೇ ಉಗುಳು ನುಂಗಿದರು. "ಹಾಕಿ ಮಾವಾ, ಇನ್ನೊಂದೇ!" ಎಂದು ಹುಡುಗರು ಫುಟ್‌ಬಾಲ್ ಮೈದಾನದಲ್ಲಿದ್ದಂತೆ ಹುರಿದುಂಬಿಸಿದರು. ಕೊನೆಯ ತುಂಡೂ ಹೋಯಿತು. ತಿಖೋನ್ ಹೊದಿಕೆಯ ಮೇಲಿನ ಪುಡಿಯನ್ನು ಅಂಗೈಯ ಅಂಚಿನಿಂದ ಗುಡಿಸಿ, ಇನ್ನೊಂದು ಅಂಗೈಗೆ ಸುರಿದು, ಬಾಯಿಗೆ ಹಾಕಿಕೊಂಡ.

ರೋಝಾ ಮಾರ್ಕೊವ್ನಾ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು.

"ಯಾವ ಊರು?" ಎಂದರು ಜನರಲ್, ಬೇರೆಯದೇ ದನಿಯಲ್ಲಿ.

"ಈಗ ಇಲ್ಲೇ. ಹುಟ್ಟಿದ್ದು ಲೆನಿನ್‌ಗ್ರಾದ್."

"ಯಾಕಪ್ಪಾ ತಿಂದೆ?"

"ಇಲ್ದಿದ್ರೆ ಬಕೆಟ್ಟಿಗೆ ಹೋಗ್ತಿತ್ತು."

ಜನರಲ್ ಬಾಗಿಲ ಬಳಿಗೆ ನಡೆದುಹೋಗಿ ಬಕೆಟ್ಟಿನೊಳಗೆ ಇಣುಕಿದರು. ಆ ಬೆಳಿಗ್ಗೆ ಹಿಂದಿರುಗಿದ್ದ ಬ್ರೆಡ್ಡು ಅದರ ತಳದಲ್ಲಿತ್ತು. "ಈ ನಿಯಮ ಯಾರದು?"

ವೆಲ್ಯಾಮಿನೊವ್ ತಮ್ಮ ಕೋಲಿನ ತುದಿಯನ್ನು ಪರೀಕ್ಷಿಸುತ್ತ ನಿಂತರು.

"ಆ ಹಸಿವನ್ನ ಕಂಡ ನಮ್ಮ ಜನದ ಕಣ್ಣೆದುರಿಗೆ ಬ್ರೆಡ್ಡನ್ನ ಬಕೆಟ್ಟಿಗೆ ಹಾಕಿಸ್ತೀರಿ, ಆಮೇಲೆ ಅದನ್ನ ಯಾರೋ ತಿಂದ್ರು ಅಂತ ಆಯೋಗ ಕರೆಸ್ತೀರಿ. ನಾನು ಆ ಮಂಚದಲ್ಲಿದ್ದಿದ್ರೆ ಬಕೆಟ್ಟಿಗೇ ಕೈ ಹಾಕ್ತಿದ್ದೆ, ಪ್ರೊಫೆಸರ್."

"ನಾನೂ ಅಷ್ಟೆ," ಎಂದಳು ದೂಸ್ಯಾ, ಯಾರೂ ಕೇಳದಿದ್ದರೂ.

ರೋಝಾ ಮಾರ್ಕೊವ್ನಾ ಕಿಟಕಿಯ ಬಳಿಯೇ ನಿಂತು ಹೊಸದಾಗಿ ಲೆಕ್ಕ ಹಾಕಿದಳು. ಐವರ ಪಾಲಿನಿಂದ ಬ್ರೆಡ್ಡನ್ನು ಕಳೆದು ಆರನೆಯವನಿಗೆ ಕೂಡಿಸಿದೊಡನೆ ಎಲ್ಲವೂ ಸರಿಹೊಂದಿತು. ಕಡಿಮೆ ತಿಂದವರು ಸೊರಗಿದ್ದರು, ಹೆಚ್ಚು ತಿಂದವನು ಊದಿದ್ದ. ನಡೆಯದ ಕಾಲುಗಳು ಮಾತ್ರ ಆರೂ ಮಂದಿಗೂ ಬಡವಾಗಿದ್ದವು.

"ಮಲಗಿರೋನಿಗೆ ಎಷ್ಟು ತಿನ್ನಿಸಿದ್ರೂ ಕಾಲಿಗೆ ಇಳಿಯಲ್ಲ, ಕಾಮ್ರೇಡ್ ಜನರಲ್," ಎಂದಳು. "ಕಾಲಿಗೆ ಕೆಲಸವೇ ಬೇಕು. ಇದನ್ನ ತೋರಿಸೋಕೆ ಒಬ್ಬನಿಗೆ ಆರು ಪಾಲು ಕೊಡ್ತೀನಿ ಅಂದಿದ್ರೆ ನೀವು ನನಗೆ ಅನುಮತಿ ಕೊಡ್ತಿರಲಿಲ್ಲ."

"ಮತ್ತೆ ಹುಡುಗರು ಯಾಕೆ ತಿನ್ನಲಿಲ್ಲ?"

"ರುಚಿ ಗೊತ್ತಾಗಲ್ಲ ಕಾಮ್ರೇಡ್ ಜನರಲ್," ಎಂದ ಗ್ಲೇಬ್ ನಾಚಿಕೊಂಡು. "ಸವರಿಕೊಳ್ಳೋಕೆ ಸ್ವಲ್ಪ ಖಾರದ ಸಾಸಿವೆ ಗೊಜ್ಜು ಇದ್ದಿದ್ರೆ..."

ಪರೀಕ್ಷೆಯನ್ನು ಮತ್ತೊಮ್ಮೆ, ಸಾಸಿವೆಯೊಡನೆ ಮತ್ತು ಬಕೆಟ್ಟಿಲ್ಲದೆ, ನಡೆಸಬೇಕೆಂದು ಆಯೋಗ ತೀರ್ಮಾನಿಸಿತು. ಬ್ರೆಡ್ಡು ಉಳಿಯಿತು, ಒಲೆ ಉಳಿಯಿತು, ರೋಝಾ ಮಾರ್ಕೊವ್ನಾಳೂ ಉಳಿದಳು. ಎಲ್ಲರೂ ಹೋದ ಮೇಲೆ ಆಕೆ ತಿಖೋನನ ಮಂಚದ ಬಳಿ ನಿಂತು, "ಒಂದು ಚಳಿಗಾಲದ ಕೆಲಸ ಹಾಳು ಮಾಡಿದ್ರಿ," ಎಂದಳು. ಬಳಿಕ ಅವನ ಹೊದಿಕೆಯನ್ನು ಗಲ್ಲದವರೆಗೆ ಎಳೆದು, "ಧನ್ಯವಾದ," ಎಂದಳು.

ಹಿಮ ಕರಗುವ ಹೊತ್ತಿಗೆ ಅವನನ್ನು ಎಬ್ಬಿಸಿ ನಿಲ್ಲಿಸಿದರು. ಕಾಲು ಹೊಸದಾಗಿ ಹುಟ್ಟಿದ ಕರುವಿನದಾಗಿತ್ತು. ಇನ್ನೂ ಕೆಲವು ವಾರ ಬ್ರೆಡ್ಡು ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿ, ರೋಝಾ ಮಾರ್ಕೊವ್ನಾ ತಾನೇ ಸಂಸ್ಥೆಯ ವ್ಯಾನಿನಲ್ಲಿ ಅವನನ್ನು ಮನೆಗೆ ಕರೆತಂದಳು.

ಅಂಗಳದಲ್ಲಿ ಇಡೀ ಕಟ್ಟಡವೇ ನಿಂತಿತ್ತು. ಕಾಪಾ ಅತ್ತೆ, ಅಲ್ಲಿನ ಸ್ವಾಗತದ ಪದ್ಧತಿಯಂತೆ, ಕಸೂತಿಯ ಬಟ್ಟೆಯ ಮೇಲೆ ದುಂಡನೆಯ ದೊಡ್ಡ ಬ್ರೆಡ್ಡನ್ನೂ ಅದರ ನೆತ್ತಿಯಲ್ಲಿ ಉಪ್ಪಿನ ಬಟ್ಟಲನ್ನೂ ಹೊತ್ತು ಎದುರುಗೊಂಡಳು. ಝೀನಾ ಗಂಡನ ಹೊಟ್ಟೆಯನ್ನೂ ಕಾಲನ್ನೂ ನೋಡಿ, ಕೆನ್ನೆಗೆ ಕೈಹಚ್ಚಿ ಅತ್ತಳು.

"ಏನೇನು ಕಂಡ್ಯಪ್ಪಾ ಮೇಲೆ?" ಎಂದಳು ಕಾಪಾ ಅತ್ತೆ.

ತಿಖೋನನಿಗೆ ಜಂಬದ ಶಕ್ತಿಯೇ ಉಳಿದಿರಲಿಲ್ಲ. "ಮೇಲೆ ಎಲ್ಲೂ ಹೋಗಿಲ್ಲ ಅತ್ತೆ. ಮಲಗಿದ್ದೆ. ಚಾವಣಿ ಕಂಡೆ. ಬ್ರೆಡ್ಡು ತಿಂದೆ."

ಡಾಮಿನೋದವರು ಒಬ್ಬರನ್ನೊಬ್ಬರು ನೋಡಿ ಗಂಭೀರವಾಗಿ ತಲೆದೂಗಿದರು. "ನೋಡ್ದ್ಯಾ? ಒಂದಕ್ಷರ ಬಾಯಿ ಬಿಡಲ್ಲ. ಉಕ್ಕಿನ ಮನುಷ್ಯ."

ಉಕ್ಕಿನ ಮನುಷ್ಯನ ಮೊಣಕಾಲು ಅಷ್ಟರಲ್ಲಿ ನಡುಗಿ ಮಡಿಚಿಕೊಳ್ಳತೊಡಗಿತು. ಬೀಳುವ ಮುನ್ನವೇ ಅವನ ಹಿಂದೆ ಏನೋ ಒತ್ತಿಕೊಂಡಿತು. ಕುಳಿತ ಮೇಲೆ ಅವನಿಗೆ ತಿಳಿಯಿತು, ಅದೇ ಕುರ್ಚಿ. ರೋಝಾ ಮಾರ್ಕೊವ್ನಾ ಅದನ್ನು ವ್ಯಾನಿನಲ್ಲಿ ಹಾಕಿಕೊಂಡು ಬಂದಿದ್ದಳು.

ಸ್ವಾಗತದ ಬ್ರೆಡ್ಡನ್ನು ತಿನ್ನದಿದ್ದರೆ ಅಂಗಳಕ್ಕೆ ಅವಮಾನ, ತಿಂದರೆ ವಿಜ್ಞಾನಕ್ಕೆ ದ್ರೋಹ. ತಿಖೋನ್ ಅಂಚಿನಿಂದ ಒಂದು ತುಂಡು ಮುರಿದು, ಉಪ್ಪಿಗೆ ಅದ್ದಿ, ಅಪರಾಧಿಯಂತೆ ಹಿಂದಕ್ಕೆ ತಿರುಗಿ ನೋಡಿದ. ಬಳಿಕ ತುಂಡನ್ನು ಅವಳ ಕೈಗೇ ಕೊಟ್ಟ.

"ನೀವೇ ತಿನ್ನಿ ರೋಝಾ ಮಾರ್ಕೊವ್ನಾ. ಇಷ್ಟು ದಿನ ತೂಗಿ ತೂಗಿ ನಮಗೇ ಕೊಟ್ರಿ."

ಆಕೆ ತಿಂದಳು. ನಿಂತಲ್ಲಿಯೇ, ಎಲ್ಲರ ಎದುರಿಗೆ, ನಿಧಾನವಾಗಿ. ಆಮೇಲೆ ಕೋಟಿನ ಮುಂಭಾಗಕ್ಕೆ ಉದುರಿದ್ದ ಪುಡಿಯನ್ನು ಒಂದು ಅಂಗೈಯ ಅಂಚಿನಿಂದ ಗುಡಿಸಿ, ಇನ್ನೊಂದು ಅಂಗೈಗೆ ಸುರಿದು, ತಲೆಯನ್ನು ಹಿಂದಕ್ಕೆತ್ತಿ ಬಾಯಿಗೆ ಹಾಕಿಕೊಂಡಳು.

ತಿಖೋನ್ ಅವಳನ್ನೇ ನೋಡಿದ. "ನೀವೂ ಲೆನಿನ್‌ಗ್ರಾದಿನವ್ರಾ?" ಎಂದ.

"ಕುರ್ಚಿ ಗಟ್ಟಿಯಾಗಿದೆ ತಾನೇ?" ಎಂದಳು ರೋಝಾ ಮಾರ್ಕೊವ್ನಾ. "ಇಟ್ಕೊಳ್ಳಿ. ಆಯೋಗದವರು ನನಗೆ ಹೊಸದು ಕೊಟ್ಟಿದಾರೆ."

ಗಂಡಸರ ಕಥೆಯಲ್ಲಿ ಆ ಕುರ್ಚಿ ಆಕಾಶನೌಕೆಯಿಂದ ಕಿತ್ತು ತಂದದ್ದು. ಅದಕ್ಕೆ ಆಧಾರ ಸಿಕ್ಕಿಲ್ಲ. ಕುರ್ಚಿಯಂತೂ ಇದೆ, ಆ ಕಟ್ಟಡದ ಮೂರನೆಯ ಬಾಗಿಲಿನ ಒಳಗೆ, ಮೆಟ್ಟಿಲಿನ ಬುಡದಲ್ಲಿ. ಅಂಗಡಿಯಿಂದ ಭಾರದ ಚೀಲ ಹೊತ್ತು ಬಂದವರು ಅದರ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಾರೆ. ಮೇಲೇಳುವಾಗ ಯಾರಿಗೆಂದು ತಿಳಿಯದಿದ್ದರೂ ಒಮ್ಮೆ "ಧನ್ಯವಾದ" ಎಂದು ಹೇಳಿಯೇ ಮೆಟ್ಟಿಲು ಹತ್ತುತ್ತಾರೆ.